ಮಕ್ಕಳ ಫ್ಲೂ ಮೆದುಳಿಗೆ ತಾಗಿದರೆ ಅದನ್ನು ಎಣಿಸುವವರು ಯಾರು?

ಅಂಕಿಸಂಕಿ

ರೋಗ ಸರ್ವೇಕ್ಷಣೆ ವಿಭಾಗದಲ್ಲಿ ಕೂತು ಆಸ್ಪತ್ರೆಗಳಿಂದ ಬರುವ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಚಿಕಿತ್ಸೆ ವಿಷಯ ಬಂದರೆ ಇಲ್ಲಿರುವ ಡಾಕ್ಟರುಗಳು ಮಾತಾಡಲಿ. ನನ್ನ ತಲೆ ತಿನ್ನುತ್ತಿರುವುದು ಎಣಿಕೆಯ ವಿಷಯ.

2025ರ ಶುರುವಿನಲ್ಲಿ ಅಮೆರಿಕದ ಮಕ್ಕಳ ಡಾಕ್ಟರುಗಳಲ್ಲಿ ಒಂದು ಮಾತು ಹರಡಿತು. ಈ ಸಲ ಫ್ಲೂ ಬಂದ ಮಕ್ಕಳಲ್ಲಿ ಮೆದುಳಿನ ತೊಂದರೆ ಜಾಸ್ತಿ ಕಾಣುತ್ತಿದೆ, ನಿಮ್ಮಲ್ಲೂ ಹೀಗೇನಾ ಅಂತ. ಪ್ರಶ್ನೆ ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಗೆ ಹೋಯಿತು. ಸಿಡಿಸಿ ಕಡತ ತೆಗೆದರೆ ಕೈಗೆ ಸಿಕ್ಕಿದ್ದು ಸತ್ತ ಮಕ್ಕಳ ದಾಖಲೆ. ಫ್ಲೂನಿಂದ ಮಗು ಸತ್ತರೆ ವರದಿ ಮಾಡಬೇಕು ಎಂಬ ಪದ್ಧತಿ ಅಲ್ಲಿ 2004ರಿಂದ ಇದೆ. ಮೆದುಳಿಗೆ ತಾಗಿಯೂ ಬದುಕಿದ ಮಗುವನ್ನು ದೇಶಮಟ್ಟದಲ್ಲಿ ಎಣಿಸುವ ಪದ್ಧತಿ ಇರಲಿಲ್ಲ.

ಇದ್ದ ದಾಖಲೆಯಲ್ಲೇ ಹುಡುಕಿದರು. 2010-11ರ ಫ್ಲೂ ಸೀಸನ್ನಿನಿಂದ 2025ರ ಫೆಬ್ರವರಿ 8ರ ತನಕ ಫ್ಲೂನಿಂದ ಸತ್ತ ಮಕ್ಕಳು 1,840. ಅವರಲ್ಲಿ 166 ಮಕ್ಕಳಿಗೆ, ಅಂದರೆ ಶೇ. 9ರಷ್ಟು ಮಕ್ಕಳಿಗೆ, ಮೆದುಳಿನ ತೊಂದರೆ ಆಗಿತ್ತು. 2024-25ರ ಸೀಸನ್ನಿನದು ಮಾತ್ರ ನೋಡಿದರೆ 68ರಲ್ಲಿ 9, ಶೇ. 13. ಹಿಂದಿನ ಸೀಸನ್ನುಗಳಲ್ಲಿ ಇದು ಸೊನ್ನೆಯಿಂದ ಶೇ. 14ರ ನಡುವೆ ಓಡಾಡಿದೆ. ಹಾಗಾದರೆ ಈ ಸಲ ಜಾಸ್ತಿಯೋ, ಎಂದಿನಷ್ಟೋ? ಯಾರಿಗೂ ಖಚಿತವಾಗಿ ಹೇಳಲು ಆಗಲಿಲ್ಲ. ಮಾಮೂಲಿ ಎಷ್ಟು ಅಂತ ಗೊತ್ತಿದ್ದರೆ ತಾನೇ ಜಾಸ್ತಿ ಯಾವುದು ಅಂತ ಹೇಳುವುದು?

ನನ್ನ ಪ್ರಶ್ನೆ ಇಷ್ಟು. ಸಾವನ್ನು ಮಾತ್ರ ಎಣಿಸಿದರೆ ಸಾಕಾ? ಸಾಲದು ಅಂದರೆ ಇನ್ನೇನು ಎಣಿಸಬೇಕು?

ಪುಟ್ಟಿ ಅಮ್ಮ

ಓದಿ ಎದೆ ಝಲ್ ಎಂದಿತು. ನನ್ನ ಮಗಳಿಗೆ ಒಂದೂವರೆ ವರ್ಷ ಇದ್ದಾಗ ಫ್ಲೂ ಜ್ವರದಲ್ಲಿ ಫಿಟ್ಸ್ ಬಂದಿತ್ತು. ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದುಕೊಂಡಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತಿತ್ತು. "ಜ್ವರದ ಫಿಟ್ಸ್, ಹೆದರಬೇಡಿ" ಎಂದು ಸಂಜೆಯೇ ಮನೆಗೆ ಕಳಿಸಿದರು. ಈಗ ಚೆನ್ನಾಗಿದ್ದಾಳೆ. ಅದು ಕೂಡ ನೀವು ಹೇಳುವ ಈ ಲೆಕ್ಕಕ್ಕೆ ಸೇರುತ್ತಾ? ಮತ್ತೆ ಫ್ಲೂ ಬಂದರೆ ಮೆದುಳಿಗೆ ಹೋಗುತ್ತಾ?

ಮಕ್ಕಳ ವಾರ್ಡು

ಪುಟ್ಟಿ ಅಮ್ಮನವರೇ, ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಿಮ್ಮ ಮಗಳಿಗೆ ಆದದ್ದು ಬೇರೆ, ಮೇಲೆ ಬರೆದಿರುವ ಕಾಯಿಲೆ ಬೇರೆ.

ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಒಂದಲ್ಲ ಒಂದು ಜ್ವರದಲ್ಲಿ ಫಿಟ್ಸ್ ಬರುತ್ತದೆ. ಫ್ಲೂ ಜ್ವರ ಸರ್ರನೆ ಏರುವುದರಿಂದ ಅದರಲ್ಲಿ ಇದು ಮಾಮೂಲಿ. ಮೈಯೆಲ್ಲ ಅದುರಿ, ಹದಿನೈದು ನಿಮಿಷದೊಳಗೆ ನಿಂತು, ಒಂದು ದಿನದಲ್ಲಿ ಮತ್ತೆ ಬರದೆ, ಮಗು ಸ್ವಲ್ಪ ಹೊತ್ತಿಗೆಲ್ಲ ಎಚ್ಚರಾಗಿ ನಿಮ್ಮನ್ನು ಗುರುತಿಸಿದರೆ ಅದು ಸಾದಾ ಜ್ವರದ ಫಿಟ್ಸ್. ಮೂರರಲ್ಲಿ ಒಂದು ಮಗುವಿಗೆ ಇನ್ನೊಮ್ಮೆ ಬರಬಹುದು. ಬುದ್ಧಿಗೆ, ಓದಿಗೆ ಏನೂ ಆಗುವುದಿಲ್ಲ.

ಇನ್ನೊಂದು ಕಾಯಿಲೆಯಲ್ಲಿ ಮಗು ಸರಿಯಾಗಿ ಎಚ್ಚರಾಗುವುದೇ ಇಲ್ಲ. ಜ್ವರ ಶುರುವಾಗಿ ಒಂದೆರಡು ದಿನದಲ್ಲೇ ಮಂಕಾಗುತ್ತದೆ. ಕರೆದರೆ ತಿರುಗುವುದಿಲ್ಲ. ಇಲ್ಲದ್ದನ್ನು ನೋಡಿ ಹೆದರುತ್ತದೆ, ಅಸಂಬದ್ಧ ಮಾತಾಡುತ್ತದೆ, ಫಿಟ್ಸ್ ಮೇಲೆ ಫಿಟ್ಸ್ ಬರುತ್ತದೆ. ಕೆಲವು ಮಕ್ಕಳು ಕೆಲವೇ ಗಂಟೆಯಲ್ಲಿ ಕೋಮಾಕ್ಕೆ ಜಾರುತ್ತಾರೆ. ನಾನು ನೋಡಿದ್ದು ಕಡಿಮೆ, ಆದರೆ ನೋಡಿದ್ದನ್ನು ಮರೆಯಲು ಆಗಿಲ್ಲ. ಬೆಳಿಗ್ಗೆ ಆಡುತ್ತಿದ್ದ ಮಗು ರಾತ್ರಿ ವೆಂಟಿಲೇಟರ್ ಮೇಲೆ.

ಮನೆಯಲ್ಲಿ ಫಿಟ್ಸ್ ಬಂದರೆ ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಬೆರಳು, ಚಮಚ, ನೀರು, ಔಷಧಿ ಏನೂ ಹಾಕಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ನಿಂತ ಮೇಲೂ ಮಗು ತಿಳಿಯಾಗದಿದ್ದರೆ, ಆಂಬುಲೆನ್ಸ್ ಕರೆಯಿರಿ. ಪ್ಯಾರಾಸಿಟಮಾಲ್ ಕೊಟ್ಟರೆ ಫಿಟ್ಸ್ ತಪ್ಪುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಮಗುವಿನ ಸಂಕಟ ಕಡಿಮೆ ಮಾಡುತ್ತದೆ ಅಷ್ಟೇ, ಫಿಟ್ಸ್ ತಡೆಯುವುದಿಲ್ಲ.

ಅನುಮಾನ ರೋಗಿ

ಇಂಥ ಚರ್ಚೆಯಿಂದಲೇ ಅಪ್ಪಅಮ್ಮಂದಿರು ನಿದ್ದೆಗೆಡುವುದು. 68 ಸಾವಿನಲ್ಲಿ 9 ಅಂತೀರಿ. ಆ ಸೀಸನ್ನಿನಲ್ಲಿ ಫ್ಲೂ ಬಂದ ಮಕ್ಕಳು ಎಷ್ಟು ಲಕ್ಷ? ಕೆಳಗಿನ ಸಂಖ್ಯೆ ಇಲ್ಲದೆ ಮೇಲಿನ ಸಂಖ್ಯೆ ಹೇಳಿದರೆ ಅದು ಅಂಕಿಅಂಶ ಅಲ್ಲ, ಗಾಬರಿ.

ಇನ್ನೊಂದು. ಈಗ ಎಂಆರ್‌ಐ ಬೇಗ ಸಿಗುತ್ತದೆ, ಪಿಸಿಆರ್ ಎಲ್ಲೆಡೆ ಇದೆ. ಹುಡುಕಿದಷ್ಟೂ ಸಿಗುತ್ತದೆ. ಮೊದಲು 'ಮೆದುಳು ಜ್ವರ, ಕಾರಣ ತಿಳಿಯದು' ಎಂದು ಬರೆಯುತ್ತಿದ್ದದ್ದಕ್ಕೆ ಈಗ ಫ್ಲೂ ಹೆಸರು ಬಂದಿರಬಹುದು.

ಅಂಕಿಸಂಕಿ

ಅನುಮಾನ ರೋಗಿಯವರೇ, ನೀವು ಕೇಳಿದ್ದೇ ನನ್ನ ಪ್ರಶ್ನೆ ಕೂಡ. ಕೆಳಗಿನ ಸಂಖ್ಯೆ ಬೇಕು ಅಂದರೆ ಯಾರೋ ಕೂತು ವರ್ಷಾನುಗಟ್ಟಲೆ ಎಣಿಸಿರಬೇಕು. ಎಣಿಸಿದ ದೇಶ ಒಂದಿದೆ. ಜಪಾನ್.

1990ರ ದಶಕದ ನಡುವಿನಲ್ಲಿ ಅಲ್ಲಿನ ಮಕ್ಕಳ ಡಾಕ್ಟರುಗಳಿಗೆ ಚಳಿಗಾಲ ಬಂತೆಂದರೆ ಇಂಥ ಮಕ್ಕಳು ಸಿಗತೊಡಗಿದರು. ಆಗ ಹೊರಗಿನವರಲ್ಲಿ ಹಲವರು ಇದು ಜಪಾನಿನದೇ ವಿಚಿತ್ರ ಇರಬೇಕು ಎಂದುಕೊಂಡರು. ಜಪಾನಿನವರು ಸುಮ್ನೆ ಬಿಡಲಿಲ್ಲ. 1998-99ರ ಸೀಸನ್ನಿನಲ್ಲಿ ದೇಶವಿಡೀ ಸಮೀಕ್ಷೆ ಮಾಡಿದರು. 148 ಕೇಸು ಸಿಕ್ಕವು. ನೂರಕ್ಕೆ ಎಂಬತ್ತಕ್ಕೂ ಮೇಲೆ ಐದು ವರ್ಷದ ಒಳಗಿನವರು. ಶೇ. 31.8ರಷ್ಟು ಸತ್ತರು. ಇನ್ನೊಂದು ಶೇ. 27.7ರಷ್ಟು ಮಂದಿಗೆ ಅಂಗವಿಕಲತೆ ಉಳಿಯಿತು.

ಈ ಎರಡನೇ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಸಾವು ಮಾತ್ರ ಎಣಿಸಿದ್ದರೆ ಅದು ಯಾವ ಕಡತಕ್ಕೂ ಬರುತ್ತಿರಲಿಲ್ಲ.

ಆಮೇಲೆ ಅಲ್ಲಿ ತೀವ್ರ ಮೆದುಳು ಜ್ವರದ ಪ್ರತಿ ಕೇಸನ್ನೂ ಡಾಕ್ಟರು ಸರ್ಕಾರಕ್ಕೆ ತಿಳಿಸಲೇಬೇಕು ಎಂದಾಯಿತು. 2003ರ ಕೊನೆಗೆ ಶುರುವಾಗಿ 2004ರಲ್ಲಿ ಫ್ಲೂನಿಂದ ಆಗುವ ಮೆದುಳಿನ ತೊಂದರೆಯೂ ಅದರೊಳಗೆ ಸೇರಿತು. ಹೀಗೆ ವರ್ಷಾನುಗಟ್ಟಲೆ ಕಟ್ಟಿದ ಲೆಕ್ಕದಿಂದ ನಿಮಗೆ ಬೇಕಾದ ಕೆಳಗಿನ ಸಂಖ್ಯೆ ಸಿಗುತ್ತದೆ: 2010ರಿಂದ 2015ರ ನಡುವೆ ಸೀಸನ್ನಿಗೆ ಹತ್ತು ಲಕ್ಷ ಮಕ್ಕಳಲ್ಲಿ ಮೂರರ ಸಮೀಪ. ಇದು ಅಪರೂಪ, ನಿಜ. ಆದರೆ ಅದನ್ನು ಧೈರ್ಯವಾಗಿ ಹೇಳಲು ಆಗುವುದು ಅವರು ಎಣಿಸಿದ್ದರಿಂದ.

ಸಾವಿನ ಪ್ರಮಾಣವೂ ಇಳಿಯಿತು. ಮೂರರಲ್ಲಿ ಒಂದು ಇದ್ದದ್ದು ಮಕ್ಕಳಲ್ಲಿ ಶೇ. 10ಕ್ಕಿಂತ ಕೆಳಗೆ ಬಂತು. ಬೇಗ ಗುರುತಿಸಿದ್ದು, 2005ರಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬಂದದ್ದು, ಸೌಮ್ಯ ಕೇಸುಗಳೂ ಲೆಕ್ಕಕ್ಕೆ ಸೇರಿದ್ದು, ಮೂರರ ಪಾಲೂ ಇದೆ. ಯಾವುದರದು ಎಷ್ಟು ಅಂತ ಬಿಡಿಸುವುದು ಕಷ್ಟ.

ಲ್ಯಾಬ್ ಮಾಮ

ಬೆನ್ನಿನ ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ, ನಾನು ಬರುತ್ತೇನೆ.

ಮೆದುಳಿಗೆ ತಾಗಿದೆ ಅಂದ ಕೂಡಲೇ ಎಲ್ಲರೂ ವೈರಸ್ ಮೆದುಳೊಳಗೆ ಹೊಕ್ಕಿದೆ ಎಂದುಕೊಳ್ಳುತ್ತಾರೆ. ಮೆದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು ನಮಗೆ ಕಳಿಸುತ್ತಾರೆ. ಪಿಸಿಆರ್ ಹಾಕಿದರೆ ಬಹುಪಾಲು ಫ್ಲೂ ನೆಗೆಟಿವ್. ಬಿಳಿಕಣಗಳೂ ಹಲವು ಸಲ ಮಾಮೂಲಿ. ಆಗ ಕೇಸ್ ಶೀಟಿನಲ್ಲಿ "ಮೆದುಳಿನ ಸೋಂಕು ಇಲ್ಲ" ಎಂದು ಬರೆದು ಮುಗಿಸಿಬಿಡುತ್ತಾರೆ. ಸರ್ವೇಕ್ಷಣೆಯ ದಾರಿಯಲ್ಲಿ ಕೇಸು ಕಳೆದುಹೋಗುವುದು ಇಲ್ಲೇ.

ಇದರಲ್ಲಿ ಬಹಳ ಸಲ ವೈರಸ್ ಇರುವುದು ಮೂಗು ಗಂಟಲಿನಲ್ಲಿ. ಅದಕ್ಕೆ ದೇಹ ತೋರುವ ಸಿಟ್ಟು ಅತಿಯಾಗಿ, ಸೈಟೊಕೈನ್ ಎನ್ನುವ ರಾಸಾಯನಿಕಗಳು ರಕ್ತದಲ್ಲಿ ಉಕ್ಕಿ, ಮೆದುಳಿನ ರಕ್ತನಾಳಗಳ ಕಾವಲು ಸಡಿಲವಾಗುತ್ತದೆ. ನೀರು ಸೋರಿ ಮೆದುಳು ಊದಿಕೊಳ್ಳುತ್ತದೆ. ಹಾಗಾಗಿ ಗಂಟಲ ಸ್ವ್ಯಾಬ್ ಪಾಸಿಟಿವ್, ಬೆನ್ನಿನ ನೀರು ನೆಗೆಟಿವ್, ಮಗು ಕೋಮಾದಲ್ಲಿ. ಮೂರೂ ಒಟ್ಟಿಗೆ ನಿಜ.

ಇನ್ನು ಮೆದುಳು ಜ್ವರದ ಮಗು ಬಂದರೆ ಗಂಟಲ ಸ್ವ್ಯಾಬ್ ಕಳಿಸುವುದೇ ಮರೆತುಹೋಗುತ್ತದೆ. ಎಲ್ಲರ ಗಮನ ಬೆನ್ನಿನ ನೀರಿನ ಮೇಲೆ. ಒಂದು ವಾರ ಆದ ಮೇಲೆ ನೆನಪಾಗಿ ಕಳಿಸುತ್ತಾರೆ. ಅಷ್ಟರಲ್ಲಿ ಗಂಟಲಲ್ಲೂ ವೈರಸ್ ಹೋಗಿರುತ್ತದೆ. ನೆಗೆಟಿವ್ ಅಂತ ನಾವು ಸಹಿ ಹಾಕಿ ಕಳಿಸುತ್ತೇವೆ, ಅಲ್ಲಿಗೆ ಫ್ಲೂ ಎಂಬ ಸಾಧ್ಯತೆಯೇ ಮುಚ್ಚಿಹೋಗುತ್ತದೆ.

ಮಕ್ಕಳ ವಾರ್ಡು

ಲ್ಯಾಬ್ ಮಾಮ ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ಇದರಲ್ಲೂ ಬಗೆಗಳಿವೆ. ತೀರಾ ಭೀಕರವಾದದ್ದು ನೆಕ್ರೊಟೈಸಿಂಗ್ ಎನ್ಸೆಫಲೋಪತಿ, ಎಎನ್‌ಇ. ಮೆದುಳಿನ ನಡುವೆ ಎಡಕ್ಕೊಂದು ಬಲಕ್ಕೊಂದು ಥಲಾಮಸ್ ಎಂಬ ಭಾಗ ಇದೆ. ಎಂಆರ್‌ಐಯಲ್ಲಿ ಎರಡೂ ಕಡೆ ಒಂದೇ ರೀತಿ ಹಾನಿ ಕಾಣುತ್ತದೆ. ಮಿಜುಗುಚಿ ಎಂಬ ಜಪಾನಿ ಡಾಕ್ಟರ್ ಮತ್ತು ಜೊತೆಗಾರರು 1995ರಲ್ಲಿ ಇದನ್ನು ಬೇರೆ ಕಾಯಿಲೆಯಾಗಿ ಗುರುತಿಸಿ ಬರೆದರು. ಇದಕ್ಕೆ ತದ್ವಿರುದ್ಧವಾದ ಸೌಮ್ಯ ಬಗೆಯೂ ಇದೆ. ಎರಡು ಅರ್ಧಗಳನ್ನು ಜೋಡಿಸುವ ಭಾಗದಲ್ಲಿ ಒಂದು ಮಚ್ಚೆ ಕಾಣಿಸಿ, ಕೆಲವು ದಿನಗಳಲ್ಲಿ ಅದೂ ಮಾಯ, ಮಗುವೂ ಹುಷಾರು.

ಡಾಕ್ಟರುಗಳಿಗೇ ಮೋಸ ಮಾಡುವ ಬಗೆ ಇನ್ನೊಂದು. ಮೊದಲ ದಿನ ಉದ್ದನೆಯ ಫಿಟ್ಸ್. ಆಮೇಲೆ ಮಗು ಬಹುಪಾಲು ತಿಳಿಯಾಗುತ್ತದೆ. ಜ್ವರದ ಫಿಟ್ಸ್ ಇರಬೇಕು ಎಂದು ಎಲ್ಲರೂ ಉಸಿರು ಬಿಡುತ್ತಾರೆ. ನಾಲ್ಕರಿಂದ ಆರನೇ ದಿನಕ್ಕೆ ಮತ್ತೆ ಫಿಟ್ಸ್ ಗೊಂಚಲು ಗೊಂಚಲಾಗಿ ಬರುತ್ತದೆ. ಮೊದಲ ದಿನದ ಸ್ಕ್ಯಾನಿನಲ್ಲಿ ಏನೂ ಇಲ್ಲದಿದ್ದದ್ದು ಈಗ ಕಾಣುತ್ತದೆ. ಜಪಾನಿನಲ್ಲಿ ಈ ಬಗೆ ಹೆಚ್ಚು ವರದಿಯಾಗುತ್ತದೆ. ಬೇರೆ ಕಡೆ ನಿಜವಾಗಿಯೂ ಕಡಿಮೆಯೋ, ಎರಡನೇ ಸ್ಕ್ಯಾನ್ ಮಾಡದೆ ತಪ್ಪಿಹೋಗುತ್ತಿದೆಯೋ ಎಂದು ನನಗೆ ಯಾವಾಗಲೂ ಅನುಮಾನ.

ಪುಟ್ಟಿ ಅಮ್ಮ

ಡಾಕ್ಟ್ರೇ, ಹೀಗೆ ಆಗುವ ಮಕ್ಕಳಿಗೆ ಮೊದಲೇ ಏನಾದರೂ ಕಾಯಿಲೆ ಇರುತ್ತಾ? ನಮ್ಮ ಮಗು ಗಟ್ಟಿಮುಟ್ಟಾಗಿದೆ ಎಂದು ಸಮಾಧಾನ ಪಡಬಹುದಾ?

ಮಕ್ಕಳ ವಾರ್ಡು

ಇಲ್ಲ ಎಂದೇ ಹೇಳಬೇಕು, ಬೇಜಾರಾದರೂ. 2025ರಲ್ಲಿ ಅಮೆರಿಕದ 23 ಆಸ್ಪತ್ರೆಗಳ ಡಾಕ್ಟರುಗಳು ಎರಡು ಸೀಸನ್ನಿನ 41 ಎಎನ್‌ಇ ಮಕ್ಕಳ ವಿವರ ಪ್ರಕಟಿಸಿದರು. ನಾಲ್ಕರಲ್ಲಿ ಮೂರು ಮಕ್ಕಳಿಗೆ ಮೊದಲು ಹೇಳಿಕೊಳ್ಳುವಂಥ ಕಾಯಿಲೆಯೇ ಇರಲಿಲ್ಲ. 11 ಮಕ್ಕಳು ಸತ್ತರು. ಆಸ್ತಮಾ, ಹೃದಯದ ತೊಂದರೆ ಇರುವವರಿಗೆ ಫ್ಲೂ ಕಷ್ಟ ಎನ್ನುವುದು ಶ್ವಾಸಕೋಶದ ವಿಷಯದಲ್ಲಿ ಸರಿ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಕೆಲವು ಮಕ್ಕಳ ಜೀನ್‌ನಲ್ಲಿ ಒಲವು ಇರುತ್ತದೆ. ಆರ್‌ಎಎನ್‌ಬಿಪಿ2 ಎಂಬ ಜೀನ್‌ನ ಬದಲಾವಣೆ 2009ರಲ್ಲಿ ಗೊತ್ತಾಯಿತು. ಒಂದೇ ಕುಟುಂಬದಲ್ಲಿ ಎರಡನೇ ಮಗುವಿಗೂ ಹೀಗಾದರೆ, ಅಥವಾ ಅದೇ ಮಗುವಿಗೆ ಇನ್ನೊಮ್ಮೆ ಆದರೆ, ಆ ಪರೀಕ್ಷೆ ಮಾಡಿಸಬೇಕು. ಈ 41ರಲ್ಲಿ ಪರೀಕ್ಷೆ ಮಾಡಿದ 32 ಮಕ್ಕಳ ಪೈಕಿ 11 ಮಕ್ಕಳಲ್ಲಿ ಆ ಜೀನ್‌ನಲ್ಲಿ ಬದಲಾವಣೆ ಇತ್ತು.

ಮಾತ್ರೆ ಡಬ್ಬಿ

ಔಷಧಿ ಕಡೆಯಿಂದ ನಾನು. ಸರ್ವೇಕ್ಷಣೆ ಯಾಕೆ ಬೇಕು ಎನ್ನುವವರಿಗೆ ಹೇಳಲು ಇದಕ್ಕಿಂತ ಒಳ್ಳೆ ಕಥೆ ನನಗೆ ಗೊತ್ತಿಲ್ಲ.

1963ರಲ್ಲಿ ಆಸ್ಟ್ರೇಲಿಯಾದ ಡಗ್ಲಾಸ್ ರೈ ಮತ್ತು ಜೊತೆಗಾರರು ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು ಬಂದು ಕಡಿಮೆಯಾಗುತ್ತಿರುತ್ತದೆ. ಆಗ ನಿಲ್ಲದ ವಾಂತಿ, ಮಂಪರು, ಕೋಮಾ. ಮೆದುಳು ಊದಿರುತ್ತದೆ, ಲಿವರ್ ತುಂಬ ಕೊಬ್ಬು. ಕಾರಣ ತಿಳಿಯದು. ಅಮೆರಿಕದಲ್ಲಿ 1970ರ ದಶಕದಲ್ಲಿ ಇದನ್ನು ದೇಶಮಟ್ಟದಲ್ಲಿ ಎಣಿಸತೊಡಗಿದರು. 1980ರಲ್ಲಿ 555 ಕೇಸು ದಾಖಲಾದವು. ಎಣಿಸುತ್ತಿದ್ದವರು ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಕೇಳಿದರು. ಜ್ವರಕ್ಕೆ ಯಾವ ಮಾತ್ರೆ ಕೊಟ್ಟಿದ್ದಿರಿ? ಕಾಯಿಲೆ ಬಂದ ಮಕ್ಕಳಲ್ಲಿ ಆಸ್ಪಿರಿನ್ ತಿಂದವರು ಬಹಳ ಜಾಸ್ತಿ ಎಂದು ಮತ್ತೆ ಮತ್ತೆ ಕಂಡಿತು.

1982ರಲ್ಲಿ ಅಲ್ಲಿನ ಸರ್ಕಾರದ ದೊಡ್ಡ ಆರೋಗ್ಯಾಧಿಕಾರಿ, ಸರ್ಜನ್ ಜನರಲ್, ಎಚ್ಚರಿಕೆ ಕೊಟ್ಟರು. 1986ರಲ್ಲಿ ಆಸ್ಪಿರಿನ್ ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚಾಯಿತು. 1994ರಿಂದ 1997ರ ತನಕ ಯಾವ ವರ್ಷವೂ ಎರಡಕ್ಕಿಂತ ಜಾಸ್ತಿ ಕೇಸು ಬರಲಿಲ್ಲ. ಆಸ್ಪಿರಿನ್ ಒಳಗೆ ಹೋಗಿ ಏನು ಮಾಡುತ್ತದೆ ಎಂಬುದು ಪೂರ್ತಿ ಬಿಡಿಸುವ ಮೊದಲೇ ಕಾಯಿಲೆ ಬಹುತೇಕ ಹೋಯಿತು. ಹೊಸ ಔಷಧಿ ಬೇಕಾಗಲಿಲ್ಲ, ಹೊಸ ಯಂತ್ರ ಬೇಕಾಗಲಿಲ್ಲ.

ಜಪಾನಿನಲ್ಲೂ ಇದೇ ಬಗೆಯ ಎಚ್ಚರಿಕೆ ಬಂತು. ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್ ಎಂಬ ನೋವು, ಜ್ವರದ ಔಷಧಿ ಕೊಟ್ಟ ಮಕ್ಕಳ ಸ್ಥಿತಿ ಇನ್ನೂ ಕೆಡುತ್ತಿತ್ತು ಎಂದು ಕಂಡು, 2000-01ರ ಹೊತ್ತಿಗೆ ಫ್ಲೂ ಬಂದ ಮಕ್ಕಳಿಗೆ ಅವನ್ನು ಕೊಡುವುದಕ್ಕೆ ಕಡಿವಾಣ ಹಾಕಿದರು. ಮಗುವಿನ ಜ್ವರ ಇಳಿಯಲಿಲ್ಲ ಎಂದು ಸಿರಪ್ ಮೇಲೆ ಸಿರಪ್ ಬದಲಾಯಿಸುವವರು ಬಾಟಲಿಯ ಹಿಂದೆ ಒಳಗೇನಿದೆ ಎಂದು ಓದಿ. ಫ್ಲೂಗೆ ಪ್ಯಾರಾಸಿಟಮಾಲ್ ಸಾಕು.

ಒಂದು ಹೊರತು ಇದೆ. ಮಕ್ಕಳ ರಕ್ತನಾಳಗಳಿಗೆ ಉರಿಯೂತ ತರುವ ಕವಾಸಾಕಿ ಕಾಯಿಲೆಯಂಥ ಕಾರಣಕ್ಕೆ ಡಾಕ್ಟರೇ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ. ಅಂಥ ಮಗುವಿಗೆ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ಅದೇ ಡಾಕ್ಟರನ್ನು ಕೇಳಿ.

ಅನುಮಾನ ರೋಗಿ

ಆಸ್ಪಿರಿನ್ ಕಥೆ ಒಪ್ಪಿದೆ. ಆದರೆ ಔಷಧಿ ಬಗ್ಗೆ ಮಾತೆತ್ತಿದ್ದೀರಿ, ಫ್ಲೂ ವೈರಸ್ಸಿಗೇ ಕೊಡುವ ಒಸೆಲ್ಟಾಮಿವಿರ್ ಬಿಟ್ಟಿರಲ್ಲ. ಜಪಾನಿನಲ್ಲೇ ಅಲ್ವಾ ಆ ಮಾತ್ರೆ ತಿಂದ ಹುಡುಗರು ಮಹಡಿಯಿಂದ ಹಾರಿದ್ದು? ಮೆದುಳು ಕಾಪಾಡಲು ಹೋಗಿ ಮೆದುಳು ಕೆಡಿಸುವ ಔಷಧಿ ಕೊಡುತ್ತೀರಾ?

ಮಾತ್ರೆ ಡಬ್ಬಿ

ಹೌದು, ಸುದ್ದಿ ನಿಜ. 2007ರ ಮಾರ್ಚಿನಲ್ಲಿ 10ರಿಂದ 19 ವರ್ಷದವರಿಗೆ ಅದನ್ನು ಕೊಡಬೇಡಿ ಎಂದು ಜಪಾನ್ ಸರ್ಕಾರ ಹೇಳಿತು. ಆಮೇಲೆ ಏನಾಯಿತು ಅನ್ನುವುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಮಾತ್ರೆ ತಿಂದವರು, ತಿನ್ನದವರು, ಬೇರೆ ಔಷಧಿ ತಿಂದವರು, ಎಲ್ಲರನ್ನೂ ವರ್ಷಗಟ್ಟಲೆ ಗಮನಿಸಿದರು. ಫ್ಲೂ ಬಂದ ಮಕ್ಕಳು ಔಷಧಿ ಇಲ್ಲದೆಯೂ ಎದ್ದು ಓಡುತ್ತಾರೆ, ಕಿರುಚುತ್ತಾರೆ ಎಂದು ಕಂಡಿತು. 2018ರಲ್ಲಿ ಆ ನಿರ್ಬಂಧ ತೆಗೆದರು. 2025ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಲಕ್ಷಾಂತರ ಮಕ್ಕಳ ದಾಖಲೆ ನೋಡಿದ ಅಧ್ಯಯನವೊಂದು ಬಂತು. ಫ್ಲೂ ಇದ್ದು ಒಸೆಲ್ಟಾಮಿವಿರ್ ಪಡೆದವರಲ್ಲಿ ನರ, ಮನಸ್ಸಿನ ಗಂಭೀರ ತೊಂದರೆ ಪಡೆಯದವರಿಗಿಂತ ಸುಮಾರು ಅರ್ಧದಷ್ಟಿತ್ತು.

ಔಷಧಿ ತಿಂದರೂ ತಿನ್ನದಿದ್ದರೂ ಫ್ಲೂ ಜ್ವರದ ಮೊದಲ ಎರಡು ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಕಿಟಕಿ, ಬಾಲ್ಕನಿ ಬಾಗಿಲು ಹಾಕಿಡಿ.

ಮಕ್ಕಳ ವಾರ್ಡು

ಮಾತ್ರೆ ಡಬ್ಬಿಯವರ ಮಾತಿಗೆ ನನ್ನ ಸಹಿ. ಆಸ್ಪತ್ರೆಗೆ ಸೇರಿಸುವಷ್ಟು ಫ್ಲೂ ಇದ್ದರೆ ನಾವು ರಿಪೋರ್ಟಿಗೆ ಕಾಯದೆ ಆಂಟಿವೈರಲ್ ಶುರು ಮಾಡುತ್ತೇವೆ. ಮೊದಲ 48 ಗಂಟೆಯಲ್ಲಿ ಕೊಟ್ಟರೆ ಹೆಚ್ಚು ಪ್ರಯೋಜನ. ಎಎನ್‌ಇ ಅನುಮಾನ ಬಂದರೆ ಸ್ಟಿರಾಯ್ಡನ್ನೂ ಬೇಗ ಕೊಡುತ್ತೇವೆ. ಮೆದುಳಿನ ಕಾಂಡಕ್ಕೆ ಹಾನಿಯಾಗಿರದ ಮಕ್ಕಳಲ್ಲಿ 24 ಗಂಟೆಯೊಳಗೆ ಕೊಟ್ಟದ್ದು ಅನುಕೂಲವಾಯಿತು ಎಂದು ಜಪಾನಿನ ಅನುಭವ. ಅದು ಸಣ್ಣ ಸಂಖ್ಯೆಯ ಮಕ್ಕಳ ಅನುಭವ. ಅಪರೂಪದ ಕಾಯಿಲೆಗೆ ದೊಡ್ಡ ಪ್ರಯೋಗ ನಡೆಸುವುದು ಕಷ್ಟ. ಹಾಗಾಗಿ ಚಿಕಿತ್ಸೆ ಕಲಿಯುವುದಕ್ಕೂ ನಮಗೆ ಉಳಿದಿರುವ ದಾರಿ ಎಲ್ಲ ಕೇಸುಗಳನ್ನೂ ಒಂದು ಕಡೆ ಬರೆದಿಡುವುದು.

ಗಾಳಿಮರ

ಲಸಿಕೆಯಿಂದ ಇದು ತಪ್ಪುತ್ತಾ? ನೇರ ಉತ್ತರ ಕೊಡಿ.

ಅಂಕಿಸಂಕಿ

ನೇರ ಉತ್ತರಕ್ಕೆ ಹತ್ತಿರದ್ದು ಹೇಳುತ್ತೇನೆ. ಮೊದಲ ಪೋಸ್ಟಿನಲ್ಲಿ ಹೇಳಿದ ಗಲಾಟೆಯ ನಂತರ ಸಿಡಿಸಿ ಸುಮ್ಮನಾಗಲಿಲ್ಲ. ಸತ್ತವರು, ಬದುಕಿದವರು ಎಲ್ಲರದೂ ಕಳಿಸಿ ಎಂದು ರಾಜ್ಯಗಳನ್ನು ಕೇಳಿತು. 2024-25ರ ಸೀಸನ್ನಿಗೆ 192 ಮಕ್ಕಳ ವರದಿ ಬಂದವು. ಪರಿಶೀಲಿಸಿದಾಗ 109 ಮಕ್ಕಳಿಗೆ ನಿಜವಾಗಿ ಈ ಮೆದುಳಿನ ತೊಂದರೆ ಆಗಿತ್ತು. ಅವರಲ್ಲಿ 37 ಎಎನ್‌ಇ. ಅರ್ಧಕ್ಕೂ ಮೇಲೆ ಮೊದಲು ಆರೋಗ್ಯವಾಗಿದ್ದವರು. ನಾಲ್ಕರಲ್ಲಿ ಮೂರು ಮಕ್ಕಳು ಐಸಿಯುಗೆ ಹೋದರು. ಲಸಿಕೆ ವಿವರ ಗೊತ್ತಿದ್ದ ಮಕ್ಕಳಲ್ಲಿ ಆ ಸೀಸನ್ನಿನ ಲಸಿಕೆ ಆಗಿದ್ದವರು ಶೇ. 16ರಷ್ಟು. ಅಲ್ಲಿ ಒಟ್ಟು ಮಕ್ಕಳಲ್ಲಿ ಅರ್ಧದ ಹತ್ತಿರ ಲಸಿಕೆ ಆಗಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಈ 109ರಲ್ಲಿ ಸತ್ತವರು ಶೇ. 19. ಅಂದರೆ ಐದರಲ್ಲಿ ನಾಲ್ಕು ಮಕ್ಕಳು ಸಾವಿನ ದಾಖಲೆಯಲ್ಲಿ ಎಂದಿಗೂ ಕಾಣಿಸಿಕೊಳ್ಳುತ್ತಿರಲಿಲ್ಲ. ಒಂದೇ ಸೀಸನ್ ವಿಶೇಷವಾಗಿ ಕೇಳಿದ್ದಕ್ಕೆ ಇವರು ಸಿಕ್ಕರು. ಹಿಂದಿನ ಸೀಸನ್ನುಗಳಲ್ಲಿ ಹೀಗೆ ಕೇಳಿಲ್ಲ, ಹಾಗಾಗಿ ಹೋಲಿಸಲು ಇನ್ನೂ ಆಗುವುದಿಲ್ಲ. ಅದೇ ಸೀಸನ್ನಿನಲ್ಲಿ ಫ್ಲೂನಿಂದ ಒಟ್ಟು ಕನಿಷ್ಠ 280 ಮಕ್ಕಳು ಸತ್ತರು, 2009-10ರ ಮಹಾಮಾರಿಯ ನಂತರ ಅತಿ ಹೆಚ್ಚು. ಸೀಸನ್ನೇ ಕೆಟ್ಟದಿದ್ದರೆ ಮೆದುಳಿನ ಕೇಸೂ ಜಾಸ್ತಿ ಬರುವುದು ಸಹಜ. ಪ್ರಮಾಣ ಏರಿತ್ತಾ ಎನ್ನುವುದು ಬೇರೆ ಪ್ರಶ್ನೆ.

ಮಕ್ಕಳ ವಾರ್ಡು

ಗಾಳಿಮರ ಅವರೇ, ಲಸಿಕೆ ಪೂರ್ತಿ ತಡೆಯುತ್ತದೆ ಎನ್ನಲಾರೆ, ಲಸಿಕೆ ಆದ ಮಕ್ಕಳೂ ಆ ಪಟ್ಟಿಯಲ್ಲಿದ್ದಾರೆ. ಫ್ಲೂ ಬರುವುದನ್ನೇ ಕಡಿಮೆ ಮಾಡಿದರೆ ಇದೂ ಕಡಿಮೆಯಾಗುತ್ತದೆ. ಆರು ತಿಂಗಳು ತುಂಬಿದ ಮೇಲೆ ಕೊಡಬಹುದು, ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಆರು ತಿಂಗಳೊಳಗಿನ ಕೂಸಿಗೆ ಅಮ್ಮ ಬಸುರಿಯಾಗಿದ್ದಾಗ ತೆಗೆದುಕೊಂಡದ್ದೇ ರಕ್ಷಣೆ.

ಅನುಮಾನ ರೋಗಿ

ಸರಿ, ಎಣಿಸಬೇಕು ಅಂತಲೇ ಇಟ್ಟುಕೊಳ್ಳೋಣ. ಏನನ್ನು? ಜ್ವರದ ಫಿಟ್ಸ್ ಎಲ್ಲ ಸೇರಿಸಿದರೆ ಕಡತ ತುಂಬಿಹೋಗುತ್ತದೆ. ಸೇರಿಸದಿದ್ದರೆ ಮೊದಲ ದಿನ ಜ್ವರದ ಫಿಟ್ಸ್ ಥರ ಕಂಡು ಐದನೇ ದಿನ ಕೆಟ್ಟ ಮಗು ತಪ್ಪಿಹೋಗುತ್ತದೆ. ಈಗಾಗಲೇ ವಾರ್ಡಿನ ನರ್ಸುಗಳು ಹತ್ತಾರು ಫಾರಂ ತುಂಬುತ್ತಾರೆ. ಇನ್ನೊಂದು ಕೊಟ್ಟರೆ ಏನು ತುಂಬುತ್ತಾರೆ ಅಂತ ನನಗೆ ಗೊತ್ತು. ಎಲ್ಲ ಕಾಲಂಗೂ 'ಇಲ್ಲ'.

ಅಂಕಿಸಂಕಿ

ಇದು ಸರಿಯಾದ ಜಗಳ. ವಿಶ್ವ ಆರೋಗ್ಯ ಸಂಸ್ಥೆಯ ಮೆದುಳು ಜ್ವರದ ವ್ಯಾಖ್ಯೆಯಲ್ಲೇ ಈ ತೊಡಕಿದೆ. ದಿಢೀರ್ ಜ್ವರ, ಜೊತೆಗೆ ಪ್ರಜ್ಞೆಯಲ್ಲಿ ಏರುಪೇರು ಅಥವಾ ಹೊಸದಾಗಿ ಬಂದ ಫಿಟ್ಸ್, ಆದರೆ ಸಾದಾ ಜ್ವರದ ಫಿಟ್ಸ್ ಬಿಟ್ಟು. ವಿಶಾಲವಾದ ಬಲೆ, ಒಳ್ಳೆಯದೇ. ಆದರೆ ಆ ಬಲೆಗೆ ಬಿದ್ದ ಮಗುವಿಗೆ ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಪರೀಕ್ಷೆ ನಡೆಯುತ್ತದೆ, ಫ್ಲೂ ಪರೀಕ್ಷೆ ನಡೆಯಬೇಕೆಂದಿಲ್ಲ. ಇತ್ತ ಫ್ಲೂ ಸರ್ವೇಕ್ಷಣೆ ನೋಡಿ. 1952ರಿಂದ ಜಾಗತಿಕ ಜಾಲವೇ ಇದೆ. ವೈರಸ್ಸಿನ ತಳಿ ಯಾವುದು, ಲಸಿಕೆಗೆ ಯಾವುದನ್ನು ಹಾಕಬೇಕು ಎಂಬುದು ಅದರ ಗುರಿ. ಕೆಮ್ಮು ಜ್ವರ ಇದ್ದವರಿಂದ ಸ್ವ್ಯಾಬ್ ತೆಗೆಯುತ್ತಾರೆ. ಕೆಮ್ಮಿಗಿಂತ ಮೊದಲು ಫಿಟ್ಸ್ ಬಂದ ಮಗು ಆ ಫಾರಂಗೆ ಹೊಂದುವುದಿಲ್ಲ. ಎರಡು ಕಡತಗಳ ನಡುವಿನ ಸಂದಿಯಲ್ಲಿ ಮಗು ಬಿದ್ದುಹೋಗುತ್ತದೆ.

ಆಸ್ಟ್ರೇಲಿಯಾದವರು ಈ ಎರಡು ಕಡತವನ್ನೂ ಒಟ್ಟಿಗೆ ಇಟ್ಟು ನೋಡಿದರು. ಮೆದುಳು ಜ್ವರದ ಕಣ್ಗಾವಲು ಮತ್ತು ಫ್ಲೂ ಕಣ್ಗಾವಲು ಎರಡೂ ಇದ್ದ ಎರಡು ಮಕ್ಕಳ ಆಸ್ಪತ್ರೆಗಳಲ್ಲಿ, 2013ರಿಂದ 2015ರ ತನಕ. ಫ್ಲೂನಿಂದ ದಾಖಲಾದ ಮಕ್ಕಳಲ್ಲಿ ಶೇ. 7.6ರಷ್ಟು ಮಂದಿಗೆ ಏನೋ ಒಂದು ನರದ ತೊಂದರೆ ಇತ್ತು. ಅದರಲ್ಲಿ ಫಿಟ್ಸ್ ಕೂಡ ಸೇರಿದೆ. ಅಲ್ಲಿ ತರಬೇತಾದ ನರ್ಸುಗಳು ವಾರ್ಡಿಗೆ ಹೋಗಿ ಕೇಸು ಹುಡುಕುತ್ತಾರೆ. ಫಾರಂ ಬರಲಿ ಎಂದು ಕಾಯುವುದಿಲ್ಲ. ಆ ಕೆಲಸಕ್ಕೇ ಅಂತ ಜನರಿರುತ್ತಾರೆ.

ಜನ ಇಟ್ಟುಕೊಳ್ಳಲು ಆಗದಿದ್ದರೆ ಬ್ರಿಟನ್ನಿನ ದಾರಿ ಇದೆ. ಅಪರೂಪದ ಮಕ್ಕಳ ಕಾಯಿಲೆಗಳಿಗೆ 1986ರಿಂದ ನಡೆಯುತ್ತಿರುವ ಪದ್ಧತಿ. ತಜ್ಞ ಡಾಕ್ಟರುಗಳಿಗೆ ತಿಂಗಳಿಗೊಂದು ಕಿತ್ತಳೆ ಬಣ್ಣದ ಕಾರ್ಡು ಹೋಗುತ್ತಿತ್ತು. ನೋಡಿದ್ದರೆ ಟಿಕ್. ನೋಡಿಲ್ಲದಿದ್ದರೆ 'ಏನೂ ಇಲ್ಲ' ಎಂಬುದಕ್ಕೂ ಟಿಕ್ ಹಾಕಿ ವಾಪಸ್ ಕಳಿಸಬೇಕು. ನನಗೆ ಇಷ್ಟವಾಗುವುದು ಆ ಎರಡನೇ ಟಿಕ್. ಕಾರ್ಡು ಬರದಿದ್ದರೆ ಕೇಸು ಇಲ್ಲವೋ, ಡಾಕ್ಟರಿಗೆ ಪುರುಸೊತ್ತಿಲ್ಲವೋ ಗೊತ್ತಾಗುವುದಿಲ್ಲ. 'ಏನೂ ಇಲ್ಲ' ಎಂದು ಬಂದರೆ ಅದು ಮಾಹಿತಿ.

ಲ್ಯಾಬ್ ಮಾಮ

ಖಾಲಿ ಫಾರಂ ಬೇರೆ, ಸೊನ್ನೆ ಬರೆದ ಫಾರಂ ಬೇರೆ. ಎಷ್ಟು ವರ್ಷ ಹೇಳಿದೆ ನಾನು. ಯಾರು ಕೇಳ್ತಾರೆ.

ಅನುಮಾನ ರೋಗಿ

ಕಾರ್ಡು ಒಳ್ಳೆ ಉಪಾಯ. ಆದರೂ ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ಜ್ವರದ ಫಿಟ್ಸ್ ಒಳಗೋ ಹೊರಗೋ?

ಮಕ್ಕಳ ವಾರ್ಡು

ಹೊರಗೆ. ಆದರೆ ಒಂದು ಷರತ್ತು. ಫ್ಲೂ ಪಾಸಿಟಿವ್ ಇದ್ದು, 24 ಗಂಟೆ ಕಳೆದರೂ ಮಗು ತನ್ನ ಎಂದಿನ ಸ್ಥಿತಿಗೆ ಬರದಿದ್ದರೆ ಒಳಗೆ. ಉದ್ದನೆಯ ಫಿಟ್ಸ್ ಆಗಿದ್ದರೆ ಒಂದು ವಾರ ಬಿಟ್ಟು ಒಂದು ಫೋನ್. ಎರಡನೇ ಸಲ ಫಿಟ್ಸ್ ಬಂತಾ, ಇಷ್ಟೇ ಕೇಳುವುದು. ಸಾದಾ ಫಿಟ್ಸ್‌ಗೆ ಬರೀ ಸಂಖ್ಯೆ ಬರೆದರೆ ಸಾಕು, ಹೆಸರು ವಿವರ ಬೇಡ. ನರ್ಸುಗಳ ಹೊರೆ ನನಗೂ ಗೊತ್ತು, ದಿನಾ ಅವರ ಜೊತೆಯಲ್ಲೇ ಇರುತ್ತೇನೆ.

ಫ್ಲೂ ಆದ ಮೇಲೆ ನಡೆಯಲು ಒಲ್ಲೆ ಎನ್ನುವ ಮಕ್ಕಳೂ ಇದ್ದಾರೆ. ಅದನ್ನು ನರದ ಕಾಯಿಲೆ ಎಂದು ಬರೆದುಬಿಡುತ್ತಾರೆ. ಮೀನಖಂಡ ಮುಟ್ಟಿದರೆ ಮಗು ಅಳುತ್ತದೆ, ರಕ್ತದಲ್ಲಿ ಸಿಕೆ ಎಂಬ ಸ್ನಾಯುವಿನ ಕಿಣ್ವ ಏರಿರುತ್ತದೆ. ಅದು ಸ್ನಾಯುವಿನ ಉರಿಯೂತ, ಬಿ ಬಗೆಯ ಫ್ಲೂ ಬಂದಾಗ ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಜಾಸ್ತಿ. ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗೇ ಸರಿಹೋಗುತ್ತದೆ. ಆದರೆ ಕಾಲು ನೋವಿಲ್ಲದೆ ಬಲ ಕಳೆದುಕೊಂಡು, ಮಂಡಿಯ ಕೆಳಗೆ ಸುತ್ತಿಗೆ ತಟ್ಟಿದರೂ ಕಾಲು ಚಿಮ್ಮದಿದ್ದರೆ ಅದು ಗಿಯಾನ್ ಬರೆ ಎಂಬ ನರಗಳ ಕಾಯಿಲೆ ಇರಬಹುದು. ಅದು ತುರ್ತು.

ಪುಟ್ಟಿ ಅಮ್ಮ

ಬದುಕಿ ಮನೆಗೆ ಬಂದ ಮಕ್ಕಳನ್ನು ಆಮೇಲೆ ಯಾರಾದರೂ ನೋಡುತ್ತಾರಾ? ಅಂಗವಿಕಲತೆ ಉಳಿಯಿತು ಅಂದಿರಿ. ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ಡಿಸ್ಚಾರ್ಜ್ ದಿನವೇ ಬರೆದುಬಿಡುತ್ತೀರಾ?

ಮಕ್ಕಳ ವಾರ್ಡು

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ಡಿಸ್ಚಾರ್ಜ್ ದಿನ ನಡೆಯಲು ಬಾರದ ಮಗು ಆರು ತಿಂಗಳಿಗೆ ಓಡುವುದನ್ನು ನೋಡಿದ್ದೇನೆ. ಡಿಸ್ಚಾರ್ಜ್ ದಿನ ಚೆನ್ನಾಗಿದ್ದ ಎರಡು ವರ್ಷದ ಮಗುವಿಗೆ ಮಾತು ತಡವಾಗಿ, ಶಾಲೆಗೆ ಸೇರಿಸಿದ ಮೇಲೆ ಗಮನ ನಿಲ್ಲದೆ ಮತ್ತೆ ನನ್ನ ಹತ್ತಿರ ಬಂದದ್ದೂ ಇದೆ. ಡಿಸ್ಚಾರ್ಜ್ ದಿನದ ಷರಾದಲ್ಲಿ ಇಬ್ಬರದೂ ತಪ್ಪಾಗಿ ದಾಖಲಾಗಿರುತ್ತದೆ. ಮೂರು ತಿಂಗಳಾದಾಗ ಒಮ್ಮೆ, ಆರು ತಿಂಗಳಾದಾಗ ಒಮ್ಮೆ, ಒಂದು ವರ್ಷವಾದಾಗ ಒಮ್ಮೆ ನೋಡಬೇಕು. ನಡಿಗೆ, ಮಾತು, ಕಿವಿ, ಕಣ್ಣು, ಫಿಟ್ಸ್. ಶಾಲೆ ಸೇರುವ ವಯಸ್ಸಿಗೆ ಇನ್ನೊಮ್ಮೆ.

ಅಪ್ಪಅಮ್ಮಂದಿರು ಮಾಡಬಹುದಾದದ್ದು ಒಂದಿದೆ. ಫ್ಲೂ ಪಾಸಿಟಿವ್ ರಿಪೋರ್ಟ್, ಎಂಆರ್‌ಐ ಸಿಡಿ, ಯಾವ ಔಷಧಿ ಯಾವ ದಿನ ಕೊಟ್ಟರು ಎಂಬ ಹಾಳೆ, ಮೂರನ್ನೂ ಕೇಳಿ ತೆಗೆದುಕೊಳ್ಳಿ. ಡಿಸ್ಚಾರ್ಜ್ ಸಮರಿಯಲ್ಲಿ 'ಮೆದುಳು ಜ್ವರ' ಎಂದಷ್ಟೇ ಇದ್ದರೆ ಫ್ಲೂ ಎಂದೂ ಬರೆಯಲು ಹೇಳಿ. ಕೇಳುವುದು ತಪ್ಪಲ್ಲ. ಮುಂದೆ ಜ್ವರ ಬಂದಾಗ ಬೇರೆ ಡಾಕ್ಟರಿಗೆ ಅದೇ ಬೇಕಾಗುತ್ತದೆ.

ಅಂಕಿಸಂಕಿ

ನಮಗೂ ಅದೇ ಬೇಕು. ಸಮರಿಯಲ್ಲಿ ಬರೀ 'ಮೆದುಳು ಜ್ವರ' ಇದ್ದರೆ ನಾನು ಅದನ್ನು 'ಕಾರಣ ತಿಳಿಯದು' ಎಂಬ ಕೋಡಿಗೆ ಹಾಕಬೇಕಾಗುತ್ತದೆ. ಸಾಫ್ಟ್‌ವೇರ್ ಬೇರೆ ದಾರಿ ಕೊಡುವುದಿಲ್ಲ.

ಸೋಮವಾರ ನಮ್ಮಲ್ಲಿ ಫಾರಂ ಪರಿಷ್ಕರಣೆಯ ಮೀಟಿಂಗ್ ಇದೆ. ಈ ಚರ್ಚೆಯಿಂದ ನಾಲ್ಕು ಕಾಲಂ ತೆಗೆದುಕೊಂಡಿದ್ದೇನೆ. ಗಂಟಲ ಸ್ವ್ಯಾಬ್ ಯಾವ ದಿನ ತೆಗೆದದ್ದು. 24 ಗಂಟೆಗೆ ಪ್ರಜ್ಞೆ ಹೇಗಿತ್ತು. ಬರುವ ಮೊದಲು ಕೊಟ್ಟ ಜ್ವರದ ಔಷಧಿ ಯಾವುದು. ಆರು ತಿಂಗಳಿಗೆ ಮಗು ಹೇಗಿದೆ. ಮೊದಲ ಮೂರಕ್ಕೆ ತಕರಾರು ಬರಲಾರದು. ನಾಲ್ಕನೆಯದಕ್ಕೆ 'ಫೋನ್ ಮಾಡುವವರು ಯಾರು' ಎಂದು ಕೇಳುತ್ತಾರೆ. ಅನುಮಾನ ರೋಗಿಯವರೇ, ಆ ಮೀಟಿಂಗಿನಲ್ಲಿ ಬರುವ ಆಕ್ಷೇಪಗಳನ್ನೆಲ್ಲ ಈಗಲೇ ಇಲ್ಲಿ ಹಾಕಿಬಿಡಿ, ಉತ್ತರ ಸಿದ್ಧ ಮಾಡಿಕೊಳ್ಳುತ್ತೇನೆ.

ಅನುಮಾನ ರೋಗಿ

ಮೊದಲನೆಯದು: ಊರು ಬಿಟ್ಟು ಹೋದವರ ಫೋನ್ ನಂಬರ್ ಆರು ತಿಂಗಳಿಗೆ ಬದಲಾಗಿರುತ್ತದೆ. ಎರಡು ನಂಬರ್ ತೆಗೆದುಕೊಳ್ಳಿ, ಒಂದು ಅಜ್ಜಿದು. ಉಳಿದದ್ದು ರಾತ್ರಿ ಬರೆಯುತ್ತೇನೆ.